ಕಣ್ಣು ಮುಚ್ಚಿ, ಈಗ ಬಿಡಿ

ಜೂನ್ ೩

ಅಪ್ಪ,

ಇಲ್ಲಿ ಎಲ್ಲ ಸರಿಯಾಗಿದೆ ಎಂದು ಶುರು ಮಾಡಿದರೆ ಮೊದಲ ಸಾಲೇ ಸುಳ್ಳಾಗುತ್ತದೆ. ಅದನ್ನು ಬಿಟ್ಟು ಮುಂದಿನದನ್ನು ಬರೆಯುತ್ತೇನೆ. ಫೋನ್ ಮಾಡಬಾರದೇ ಎಂದು ಅತ್ತೆ ಕೇಳಬಹುದು. ಮೊನ್ನೆ ಟ್ರೈಪಾಡಿನ ಒಂದು ತಿರುಪಿಗಾಗಿ ನಾವಿಬ್ಬರೂ ಫೋನಿನಲ್ಲಿ ಕೂಗಾಡಿದ್ದನ್ನು ಅವರೂ ಕೇಳಿಸಿಕೊಂಡಿದ್ದಾರೆ. ಕೂಗಾಡಬಾರದು ಎಂದು ಡಾಕ್ಟರು ನಿನಗೆ ಹೇಳಿದ್ದಾರಂತೆ. ಕಾಗದದ ಮೇಲೆ ಕೂಗಾಡಲು ಬರುವುದಿಲ್ಲ. ಅತ್ತೆಯೇ ಓದಿ ಹೇಳಲಿ, ನಿನ್ನ ಮಾತನ್ನು ಅವರೇ ಬರೆಯಲಿ.

ನೀನು ಅತ್ತೆಯ ಊರಿನ ಬಸ್ಸು ಹತ್ತಿದ ಮಾರನೇ ದಿನವೇ ಸ್ಟುಡಿಯೋ ಬಾಗಿಲು ತೆಗೆದೆ. ಇಷ್ಟು ವರ್ಷ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ನೀನು ತೆಗೆದ ಮುಖಗಳ ಮೊಡವೆ ಅಳಿಸುತ್ತಿದ್ದವಳು ನಾನು. ಈಗ ಮುಂದಿನ ಕೋಣೆಯಲ್ಲಿ ನಿಂತರೆ ಬಂದವರೆಲ್ಲ ನನ್ನ ಹೆಗಲ ಮೇಲಿಂದ ಒಳಗೆ ಇಣುಕುತ್ತಾರೆ.

"ಅಪ್ಪ ಇಲ್ವಾ?"

"ಇಲ್ಲ, ಕಣ್ಣಿನ ಆಪರೇಷನ್ನಿಗೆ ಹೋಗಿದಾರೆ."

"ಹೌದಾ? ಹಾಗಾದ್ರೆ ಅವರು ಬಂದ್ಮೇಲೇ ಬರ್ತೀವಿ ಬಿಡು."

ಮುಖದ ಮೇಲೇ ಹೇಳಿ ಹೋಗುತ್ತಾರೆ. ಸೈಕಲ್ ಅಂಗಡಿಯವರು ಒಬ್ಬರೇ ನಿಂತರು. ಅವರಿಗೆ ಅರ್ಜಿಗೆ ಅಂಟಿಸಲು ಫೋಟೋ ಬೇಕಿತ್ತು. "ನೀನು ತೆಗೀತೀಯಾ? ತೆಗಿ. ನನ್ನ ಮುಖ ಹೇಗೂ ಕೆಟ್ಟಿದೆ, ಇದರಲ್ಲೇ ಕೈ ಪಳಗಿಸ್ಕೋ" ಅಂದರು. ಅವರು ಬಿಟ್ಟರೆ ಗ್ರಂಥಾಲಯದವರು ಕರೆದಿದ್ದರು. ಹೊಸ ಬೀರು ಬಂದಿದೆ, ಅದರ ಫೋಟೋ ಬೇಕಂತೆ. ಬೀರು ಒಂದೇ ನಿನ್ನನ್ನು ಕೇಳಲಿಲ್ಲ, ಸುಮ್ಮನೆ ನಿಂತು ತೆಗೆಸಿಕೊಂಡಿತು.

ಮಿಕ್ಕ ಹೊತ್ತು ಕಾಲು ಒಂದು ಕಡೆ ನಿಲ್ಲುವುದಿಲ್ಲ. ಬಾಗಿಲಿಗೆ ಹೋಗುತ್ತೇನೆ, ಒಳಗೆ ಬರುತ್ತೇನೆ, ಪರದೆ ಸರಿಪಡಿಸುತ್ತೇನೆ, ಮತ್ತೆ ಬಾಗಿಲಿಗೆ ಹೋಗುತ್ತೇನೆ. ನಿನ್ನ ಕುರ್ಚಿಯಲ್ಲಿ ಕೂರಲು ಮನಸ್ಸು ಬರುತ್ತಿಲ್ಲ. ನಿನ್ನ ಎಡಗಣ್ಣು ಎಂದೋ ಕೈಕೊಟ್ಟಿತು. ಉಳಿದದ್ದು ಬಲಗಣ್ಣೊಂದೇ, ಕ್ಯಾಮೆರಾಕ್ಕೆ ಒತ್ತಿ ಹಿಡಿಯುವ ಕಣ್ಣು. ಈಗ ಅದರ ಒಳಪರದೆಯಲ್ಲೂ ತೂತು ಅಂದರೆ ನಾನು ಏನೆಂದುಕೊಳ್ಳಲಿ? ಅದು ಸರಿಹೋಗದಿದ್ದರೆ ಮುಂದೇನು ಎಂದು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಬಸ್ಸು ಹೊರಡುವವರೆಗೂ ಇಬ್ಬರೂ ಬ್ಯಾಟರಿ ಚಾರ್ಜಿನ ಮಾತಾಡಿದೆವು.

ನಿನ್ನ ಮಗಳು


ಜೂನ್ ೧೧

ಪುಟ್ಟಿ,

ಈ ಅಕ್ಷರ ನಿನ್ನ ಅತ್ತೆಯದು, ಮಾತು ನನ್ನದು. (ಮಾತು ಅವನದು, ಕೈನೋವು ನನ್ನದು. – ಅತ್ತೆ.)

ಟ್ರೈಪಾಡಿನ ತಿರುಪು ಸಡಿಲವಾಗಿದ್ದರೆ ತಪ್ಪು ತಿರುಪಿನದಲ್ಲ, ಬಿಗಿ ಮಾಡದವಳದು. ಇದನ್ನು ಕೂಗದೆ ಹೇಳುತ್ತಿದ್ದೇನೆ. (ಕೂಗಿಯೇ ಹೇಳಿದ. – ಅತ್ತೆ.)

ಆಪರೇಷನ್ನು ಮುಂದಿನ ವಾರ. ಕಣ್ಣೊಳಗೆ ಒಂದು ಗಾಳಿಗುಳ್ಳೆ ಬಿಡುತ್ತಾರಂತೆ. ಅದು ಮೇಲೇರಿ ತೂತನ್ನು ಒತ್ತಿ ಹಿಡಿಯಬೇಕು. ಅದು ಮೇಲೇರಬೇಕಾದರೆ ನಾನು ಬೋರಲು ಮಲಗಬೇಕು. ಕೂತರೂ ತಲೆ ತಗ್ಗಿಸಿಯೇ ಕೂರಬೇಕು, ನಿಂತರೂ ನೆಲ ನೋಡಿಯೇ ನಿಲ್ಲಬೇಕು. ಎಂದೂ ಯಾರಿಗೂ ತಲೆ ತಗ್ಗಿಸದವನಿಗೆ ಈ ವಯಸ್ಸಿನಲ್ಲಿ ಇಂಥ ಶಿಕ್ಷೆ. ಅದರ ಮಾತು ಸಾಕು.

ಬೀರು ತೆಗೆದದ್ದು ಸರಿ. ಬಾಗಿಲಿನ ಗಾಜಿನಲ್ಲಿ ನಿನ್ನ ನೆರಳು ಬಿದ್ದಿಲ್ಲ ತಾನೇ? ಬಿದ್ದಿರುತ್ತದೆ. ಹೋಗಿ ನೋಡು.

ಇನ್ನು ಮುಖ್ಯ ವಿಷಯ. ಶಾಲೆಯ ಹೆಡ್ ಮೇಡಂ ಈ ತಿಂಗಳು ನಿವೃತ್ತರಾಗುತ್ತಾರೆ. ಗ್ರೂಪ್ ಫೋಟೋ ತೆಗೆಯುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ನೀನು ಹೋಗು. ಅವರು ಬೇಡವೆಂದರೂ ಹೋಗು. ಒಂದೇ ಒಂದು ನೆನಪಿಡು, ಗುಂಡಿ ಒತ್ತುವ ಮುಂಚೆ ಅಂಚು ನೋಡು. ನಡುವೆ ಕೂತವರು ಅವರ ಪಾಡಿಗೆ ಅವರು ನಡುವೆ ಇರುತ್ತಾರೆ, ಅವರಿಗೇನೂ ಆಗುವುದಿಲ್ಲ. ಕೈ, ಕಿವಿ, ಭುಜ ಕತ್ತರಿಸಿ ಹೋಗುವುದೆಲ್ಲ ಅಂಚಿನಲ್ಲಿ ನಿಂತವರದು. ಫೋಟೋ ನೋಡಲು ಮೊದಲು ಓಡಿ ಬರುವವರೂ ಅವರೇ. ಅಟೆಂಡರ್ ಉದ್ದಣ್ಣ ಪ್ರತಿ ವರ್ಷ ಎಡತುದಿಯಲ್ಲೇ ನಿಲ್ಲುತ್ತಾನೆ. ಅವನ ಮೊಣಕೈ ಉಳಿಸು.

ಅಪ್ಪ

(ಕೂತಲ್ಲಿ ಕೂರುವುದಿಲ್ಲ ಕಣೆ. ಅಡುಗೆಮನೆಯಿಂದ ಬಾಗಿಲು, ಬಾಗಿಲಿಂದ ಅಡುಗೆಮನೆ. ಕೂತರೆ ಕುರ್ಚಿಯ ಕೈ ಮೇಲೆ ತೋರುಬೆರಳು ಒತ್ತುತ್ತಲೇ ಇರುತ್ತದೆ. ಏನೋ ಅದು ಅಂದರೆ, ಏನಿಲ್ಲ ಅಕ್ಕ ಅನ್ನುತ್ತಾನೆ. – ಅತ್ತೆ.)


ಜೂನ್ ೨೯

ಅಪ್ಪ,

ಆಪರೇಷನ್ ಆಯಿತು, ಊಟ ಮಾಡುತ್ತಿದ್ದೀಯ ಎಂದು ಅತ್ತೆ ಫೋನ್ ಮಾಡಿದ್ದರು. ನಿನ್ನ ಕೈಗೆ ಫೋನ್ ಕೊಡಲಿಲ್ಲ. ಒಳ್ಳೆಯದೇ ಆಯಿತು. ಕೊಟ್ಟಿದ್ದರೆ ಈಗ ಬರೆಯುವುದನ್ನು ಆಗಲೇ ಬಾಯಿ ಬಿಡುತ್ತಿದ್ದೆ.

ಊರ ಮುಂದೆ ನನ್ನ ಮಾನ ಹೋಯಿತು.

ಶಾಲೆಯ ಮೆಟ್ಟಿಲ ಮೇಲೆ ಎಲ್ಲರನ್ನೂ ನಿಲ್ಲಿಸಿದೆ. ಮುಂದೆ ಬೆಂಚು, ನಡುವೆ ಹೆಡ್ ಮೇಡಂ, ಅವರ ಅಕ್ಕಪಕ್ಕ ಹಿರಿಯರು. ಎಡತುದಿಯಲ್ಲಿ ಉದ್ದಣ್ಣ, ಬಲತುದಿಯಲ್ಲಿ ಡ್ರಿಲ್ ಮಾಸ್ತರು. ನೀನು ಹೇಳಿದ ಹಾಗೆ ಅಂಚನ್ನೇ ನೋಡಿದೆ. ಉದ್ದಣ್ಣನ ಮೊಣಕೈ ಒಳಗಿತ್ತು. ಡ್ರಿಲ್ ಮಾಸ್ತರ ಬೂಟು ಒಳಗಿತ್ತು. "ರೆಡಿ" ಅಂದೆ. ಎಂಥ ಮೌನ ಅಂತೀಯ, ಒಬ್ಬರೂ ಅಲ್ಲಾಡಲಿಲ್ಲ. ನಾನು ಹೇಳಿದ್ದನ್ನು ಇವರು ಇಷ್ಟು ಚೆನ್ನಾಗಿ ಕೇಳುತ್ತಾರಲ್ಲ ಎಂದು ಒಳಗೊಳಗೇ ಬೀಗಿದೆ. ಒಂದರ ಹಿಂದೊಂದು ಮೂರು ತೆಗೆದು "ಆಯ್ತು" ಅಂದೆ. ನೆತ್ತಿ ಮೇಲೆ ಬಿಸಿಲು, ಕ್ಯಾಮೆರಾದ ಪರದೆಯಲ್ಲಿ ನನ್ನ ಮೂಗು ಬಿಟ್ಟರೆ ಏನೂ ಕಾಣಲಿಲ್ಲ. ಸ್ಟುಡಿಯೋಗೆ ಬಂದು ಕಂಪ್ಯೂಟರಿನಲ್ಲಿ ತೆರೆದೆ.

ಅಷ್ಟೂ ಜನರ ಕಣ್ಣು ಮುಚ್ಚಿದೆ, ಅಪ್ಪ. ಮೂರರಲ್ಲೂ. ಇಡೀ ಶಾಲೆ ನಿಂತಲ್ಲೇ ನಿದ್ದೆ ಹೋದ ಹಾಗಿದೆ. ಉದ್ದಣ್ಣನ ಮೊಣಕೈ ಮಾತ್ರ ಎಲ್ಲೂ ಕತ್ತರಿಸಿಲ್ಲ.

ಓಡಿಹೋಗಿ ಕೇಳಿದರೆ ಡ್ರಿಲ್ ಮಾಸ್ತರು ನನ್ನ ಮೇಲೇ ರೇಗಿದರು. "ರೆಡಿ ಅಂದ್ರಿ, ಮುಚ್ಚಿದ್ವಿ. ನೀವು 'ಬಿಡಿ' ಅನ್ಲೇ ಇಲ್ಲ. ನಾವು ಎಷ್ಟು ಹೊತ್ತು ಕಾಯೋದು?" ಆಗ ತಲೆಗೆ ಹೊಳೆಯಿತು. "ರೆಡಿ. ಕಣ್ಣು ಮುಚ್ಚಿ. ಹಾಂ, ಈಗ ಬಿಡಿ." ಹುಟ್ಟಿದಾಗಿನಿಂದ ಹಿಂದಿನ ಕೋಣೆಯಲ್ಲಿ ಕೂತು ಕೇಳಿದ್ದೇನೆ. ನೀನು "ಬಿಡಿ" ಅಂದ ಕೂಡಲೇ ಗುಂಡಿ ಒತ್ತುತ್ತಿದ್ದೆ, ನಿನ್ನ ಫೋಟೋದಲ್ಲಿ ಯಾರೂ ರೆಪ್ಪೆ ಹೊಡೆದದ್ದಿಲ್ಲ. ಊರಿಗೆ ಊರನ್ನೇ ಹೀಗೆ ಪಳಗಿಸಿಟ್ಟಿದ್ದೀಯ ಎಂದು ನನಗೇನು ಗೊತ್ತು?

ಹೆಡ್ ಮೇಡಂ ಫೋಟೋ ನೋಡಿ, "ಇಷ್ಟು ವರ್ಷ ನನ್ನ ಮೀಟಿಂಗಲ್ಲಿ ಯಾರ್ಯಾರು ನಿದ್ದೆ ಮಾಡ್ತಿದ್ರು ಅಂತ ಈಗ ಗೊತ್ತಾಯ್ತು. ನೋಡು, ನಾನೂ ಮಾಡಿದೀನಿ" ಅಂದರು. ನಗುತ್ತಲೇ ಅಂದರು. ಆಮೇಲೆ, "ಪರವಾಗಿಲ್ಲಮ್ಮ, ನಿಮ್ಮಪ್ಪ ಬರ್ಲಿ. ಮತ್ತೆ ಎಲ್ರೂ ನಿಲ್ತೀವಿ. ಅಲ್ಲೀವರೆಗೆ ಗೋಡೆ ಖಾಲಿ ಇರ್ಲಿ" ಅಂದರು. ಆ ಮಾತು ನನಗೆ ನಾಟಿತು.

ನಿನ್ನ ಮಗಳು


ಜುಲೈ ೬

ಪುಟ್ಟಿ,

(ನಿನ್ನ ಪತ್ರ ಓದುವಾಗ ಇವನು ಮಂಚದ ಮೇಲೆ ಬೋರಲು ಬಿದ್ದುಕೊಂಡು ನಕ್ಕದ್ದಕ್ಕೆ ದಿಂಬೆಲ್ಲ ಅಲ್ಲಾಡಿತು. ನಗಬೇಡ, ಕಣ್ಣಿಗೆ ತ್ರಾಸ ಅಂದರೆ ಇನ್ನೂ ಜೋರು. ಇಲ್ಲಿಗೆ ಬಂದಮೇಲೆ ಇವನು ನಕ್ಕದ್ದು ಇದೇ ಮೊದಲು. – ಅತ್ತೆ.)

ಆ ಫೋಟೋ ಅಳಿಸಬೇಡ. ನಾನು ತೆಗೆದಿದ್ದರೂ ಅಷ್ಟು ಜನ ಒಟ್ಟಿಗೆ ಕಣ್ಣು ಮುಚ್ಚಿ ಸಿಗುತ್ತಿರಲಿಲ್ಲ.

ಅವರು ಕಣ್ಣು ಮುಚ್ಚಿದ್ದು ನಿನ್ನ ತಪ್ಪಲ್ಲ, ನನ್ನ ಪಾಠ. ರೀಲಿನ ಕಾಲದಲ್ಲಿ ಒಂದು ಗುಂಪಿಗೆ ಎರಡು ಸಲ ಒತ್ತಿದರೆ ಹೊಟ್ಟೆ ಉರಿಯುತ್ತಿತ್ತು. ಒತ್ತಿದಾಗಲೆಲ್ಲ ಯಾರೋ ಒಬ್ಬ ಪುಣ್ಯಾತ್ಮ ರೆಪ್ಪೆ ಹೊಡೆಯುತ್ತಿದ್ದ. ಹೇಗೂ ಮುಚ್ಚುತ್ತಾರೆ, ನಾನೇ ಮುಚ್ಚಿಸಿದರೆ ಆಯಿತು ಎಂದು ಶುರು ಮಾಡಿದೆ. ಆಗ ತಾನೇ ಬಿಟ್ಟ ಕಣ್ಣಿಗೆ ಒಂದು ಹೊಳಪು ಇರುತ್ತದೆ. ಏನೋ ಕಾಣುತ್ತದೆ ಎಂದು ಕಾದು ಬಿಟ್ಟ ಕಣ್ಣು ಅದು. ಕಡೆಗೆ ನನಗೆ ಅದೇ ರುಚಿ ಹತ್ತಿತು.

ಹೆಡ್ ಮೇಡಂ ನನಗಾಗಿ ಕಾಯುವುದು ಬೇಡ. ನೀನು ಮತ್ತೆ ನಿಲ್ಲಿಸು. ಹೇಳಬೇಕಾದ್ದನ್ನು ಹೇಳು, ಒತ್ತು. ಎರಡು ಮಾತು, ಅದಕ್ಕೇನು ಪರೀಕ್ಷೆ ಬರೆಯಬೇಕೇ?

ನೆಲದ ಬಗ್ಗೆ ಈಗ ನನಗೆ ಬಹಳ ಗೊತ್ತು. ಅಕ್ಕನ ಮನೆಯ ನೆಲ ಬೂದು ಬಣ್ಣದ್ದಂತೆ. ನಾನು ಕೇಳಿದೆ, ಅವಳು ಹೇಳಿದಳು.

ಅಪ್ಪ


ಜುಲೈ ೧೪

ಅಪ್ಪ,

ನಾನು ಹೇಳುವುದಿಲ್ಲ.

ಈ ವಾರ ಕೆಲಸ ಬಂತು, ಬರಲಿಲ್ಲ ಅನ್ನುವ ಹಾಗಿಲ್ಲ. ಹೆಣ್ಣುಮಕ್ಕಳ ವಾಲಿಬಾಲ್ ತಂಡ ತೆಗೆದೆ. ಪತ್ರಿಕೆಯವರಿಗೆ ಬಸ್ ನಿಲ್ದಾಣದ ಎದುರಿನ ರಸ್ತೆಗುಂಡಿಯ ಫೋಟೋ ತೆಗೆದೆ. ಅದು ಚೆನ್ನಾಗಿ ಬಂದಿದೆ, ಗುಂಡಿಗೆ ಕಣ್ಣು ಮುಚ್ಚಿ ಅನ್ನುವ ತಾಪತ್ರಯವಿಲ್ಲ. ಮೂಲೆಮನೆ ಟೈಲರ್ ಅವರ ಹೆಂಡತಿ ಬಂದಿದ್ದರು. "ನಾನು ಹೋದ್ಮೇಲೆ ಗೋಡೆಗೆ ಹಾಕೋ ಫೋಟೋ ಈಗ್ಲೇ ತೆಗೆಸಿಟ್ಕೋತೀನಿ. ಮುಖದಲ್ಲಿ ಸ್ವಲ್ಪ ಸಿಟ್ಟಿರ್ಲಿ, ಸೊಸೆ ದಿನಾ ನೋಡ್ಬೇಕು" ಅಂದರು. ಸ್ಟೂಲಿನ ಮೇಲೆ ಕೂರಿಸಿ ದೀಪ ಹಾಕಿದೆ. ಬಾಯಿ ತಪ್ಪಿ "ರೆಡಿ" ಅಂದುಬಿಟ್ಟೆ. ಅವರು ಕಣ್ಣು ಮುಚ್ಚಿದರು. ಮುಂದಿನ ಮಾತು ಅನ್ನಲು ಮನಸ್ಸು ಬರಲಿಲ್ಲ. ಅವರು ಕಾದರು, ನಾನು ನಿಂತೇ ಇದ್ದೆ. ಕಡೆಗೆ ಒಂದೇ ಕಣ್ಣು ಬಿಟ್ಟು, "ಏನಮ್ಮ, ಹೋಗೇಬಿಟ್ಟೆ ಅಂದ್ಕೊಂಡ್ಯಾ?" ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಳೆ ಬನ್ನಿ ಎಂದು ಕಳಿಸಿಕೊಟ್ಟೆ.

ಎರಡು ಮಾತು ಅಂತೀಯ. ಅವು ನಿನ್ನ ಮಾತು. ಈ ಊರಿನಲ್ಲಿ "ಬಿಡಿ" ಅನ್ನುವುದು ನೀನು. ನಾನು ಅಂದೆ ಎಂದರೆ, ಇನ್ನು ನೀನು ಬರುವುದಿಲ್ಲ, ಇನ್ನು ಮುಂದೆ ಇವಳೇ ಎಂದು ನಾನೇ ಡಂಗುರ ಹೊಡೆದ ಹಾಗೆ. ನನ್ನ ಕಿವಿಗೇ ಅದು ನಿನ್ನನ್ನು ಬಿಟ್ಟುಬಿಡಿ ಅಂದ ಹಾಗೆ ಕೇಳಿಸುತ್ತದೆ. ಹಾಗಂತ ಸುಮ್ಮನೆ ಕೂರಲೂ ಆಗುವುದಿಲ್ಲ. ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗುತ್ತೇನೆ, ನಿನ್ನ ಫೋನ್ ಬಂದಿದ್ದರೆ ಎಂದು ವಾಪಸು ಬಂದು ಬೀಗ ತೆಗೆಯುತ್ತೇನೆ. ಫೋನು ನನ್ನ ಜೇಬಿನಲ್ಲೇ ಇರುತ್ತದೆ.

ನಿನ್ನ ಪತ್ರಗಳಲ್ಲಿ ದಿಂಬಿನ ವಿಷಯವಿದೆ, ನೆಲದ ವಿಷಯವಿದೆ, ಬೀರುವಿನ ಗಾಜಿನ ವಿಷಯವೂ ಇದೆ. ಆಪರೇಷನ್ ಆದಮೇಲೆ ಕಣ್ಣು ಹೇಗಿದೆ ಎಂದು ಒಂದು ಸಾಲೂ ಇಲ್ಲ. ಕಾಣುತ್ತಿದೆಯೋ ಇಲ್ಲವೋ, ಅಷ್ಟು ಬರೆಸು.

(ಗಾಜಿನಲ್ಲಿ ನನ್ನ ನೆರಳು ಬಿದ್ದಿತ್ತು. ಮತ್ತೆ ಹೋಗಿ ತೆಗೆದು ಬಂದೆ.)

ನಿನ್ನ ಮಗಳು


ಆಗಸ್ಟ್ ೪

ಮಗಳೇ,

ಇದು ನನ್ನದೇ ಪತ್ರ, ಅವನಿಗೆ ಗೊತ್ತಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಬರೆಸು ಅಂದರೆ ನಾಳೆ ಅನ್ನುತ್ತಾನೆ. ನಾಳೆ ನಾಳೆ ಅಂದೇ ವಾರಗಳಾದವು, ಅದಕ್ಕೇ ನಾನೇ ಕೂತೆ.

ಬೋರಲು ಮಲಗುವುದು ಎಂದೋ ಮುಗಿಯಿತು. ಕಣ್ಣೊಳಗಿನ ಗಾಳಿ ಕರಗಿದೆ. ಮೊನ್ನೆ ಡಾಕ್ಟರು ಬೆಳಕು ಬಿಟ್ಟು ನೋಡಿ, ತೂತು ಮುಚ್ಚಿಕೊಂಡಿದೆ ಅಂದರು. "ನನ್ನ ಕೆಲಸ ನಾನು ಮಾಡಿದೀನಿ. ಎಷ್ಟು ಕಾಣುತ್ತೆ ಅಂತ ನೀವೇ ನೋಡಿ ಹೇಳ್ಬೇಕು. ಮನೇಲಿ ಕಣ್ಣು ಬಿಟ್ಕೊಂಡು ಓಡಾಡಿ, ಮುಂದಿನ ವಾರ ಬನ್ನಿ" ಎಂದು ಕಳಿಸಿದರು.

ಮನೆಗೆ ಬಂದವನೇ ಹೆಗಲ ಮೇಲಿನ ಟವೆಲ್ಲು ತೆಗೆದು ಕಣ್ಣಿಗೆ ಬಿಗಿದು ಕಟ್ಟಿಕೊಂಡ. ಏನೋ ಇದು ಅಂದರೆ, ಬೆಳಕು ಚುಚ್ಚುತ್ತೆ ಅಂದ. ಕಿಟಕಿ ಮುಚ್ಚಿದೆ, ಆದರೂ ಬಿಚ್ಚಲಿಲ್ಲ. ಊಟಕ್ಕೂ ಅದೇ ಟವೆಲ್ಲು, ಮಲಗಲಿಕ್ಕೂ ಅದೇ ಟವೆಲ್ಲು. ನಿನ್ನೆ ನನಗೆ ತಡೆಯಲಾಗದೆ ಬೈದೆ. ಆಗ ಮೆಲ್ಲಗೆ ಹೇಳಿದ. "ನೋಡಿದ್ರೆ ತಾನೇ ಅಕ್ಕ, ಕಾಣಲ್ಲ ಅಂತ ಗೊತ್ತಾಗೋದು. ಇನ್ನೊಂದೆರಡು ದಿನ ಗೊತ್ತಾಗ್ದೇ ಇರ್ತೀನಿ."

ಚಿಕ್ಕಂದಿನಲ್ಲಿ ಮರದ ತುದಿಗೆ ಹತ್ತಿ ಕೆಳಗೆ ನೋಡಲ್ಲ ಎಂದು ಕಣ್ಣು ಮುಚ್ಚಿ ಕೂತಿದ್ದವನು ಇವನು. ಆಗ ನಾನು ಬೈದು ಇಳಿಸಿದ್ದೆ. ಈಗ ನನ್ನ ಬೈಗುಳಕ್ಕೆ ಬಗ್ಗುತ್ತಿಲ್ಲ.

ಒಂದು ಮಾತು ಹೇಳಿ ಮುಗಿಸುತ್ತೇನೆ. ನಿನ್ನ ಹಿಂದಿನ ಪತ್ರವನ್ನು ನನ್ನಿಂದ ಮತ್ತೆ ಮತ್ತೆ ಓದಿಸಿದ್ದಾನೆ. "ನಾನು ಹೇಳುವುದಿಲ್ಲ" ಅನ್ನುವ ಸಾಲು ಬಂದಾಗಲೆಲ್ಲ ಕುರ್ಚಿಯ ಮೇಲಿನ ಬೆರಳು ಸುಮ್ಮನಾಗುತ್ತದೆ. ನೀನು ಅವನಿಗಾಗಿ ಹಟ ಹಿಡಿದಿದ್ದೀಯ, ಅವನು ನಿನಗಾಗಿ ಹಟ ಹಿಡಿದಿದ್ದಾನೆ. ಯಾರಾದರೂ ಒಬ್ಬರು ಬಿಡಿ.

ಅತ್ತೆ


ಆಗಸ್ಟ್ ೧೨

ಅಪ್ಪ,

ಅತ್ತೆ ನನಗೆ ಬರೆದಿದ್ದಾರೆ. ಅವರ ಮೇಲೆ ಹಾರಾಡಬೇಡ. ಟವೆಲ್ಲಿನ ವಿಷಯ ಗೊತ್ತಾಯಿತು.

ಮೊದಲು ನನಗೆ ಕೆಂಡದಂಥ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೆಡ್ ಮೇಡಂ ಮನೆಗೆ ಹೋದೆ.

"ಅಪ್ಪ ಬಂದ್ರಾ?" ಅಂದರು.

"ಇಲ್ಲ ಮೇಡಂ. ನಾನೇ ತೆಗೀತೀನಿ. ಎಲ್ಲರನ್ನೂ ಕರೆಸಿ."

ನನ್ನ ಮುಖ ನೋಡಿ ಅವರು ಆಗಲೇ ಫೋನು ಎತ್ತಿಕೊಂಡರು.

ಅದೇ ಮೆಟ್ಟಿಲು, ಅದೇ ಬೆಂಚು. ಬಿಸಿಲು ಇಳಿದಿತ್ತು. ಡ್ರಿಲ್ ಮಾಸ್ತರು ಪಕ್ಕದವರಿಗೆ, "ಈ ಸಲ ಬಿಡಿ ಅಂತಾರೋ ಇಲ್ವೋ, ಒಂದು ಕಣ್ಣು ಅರ್ಧ ಬಿಟ್ಟೇ ಇಟ್ಕೊಳ್ಳಿ" ಎಂದು ನನಗೆ ಕೇಳುವ ಹಾಗೇ ಹೇಳಿದರು. "ರೆಡಿ" ಅಂದೆ. "ಕಣ್ಣು ಮುಚ್ಚಿ" ಅಂದೆ. ಎಲ್ಲರೂ ಮುಚ್ಚಿದರು, ಡ್ರಿಲ್ ಮಾಸ್ತರೂ ಪೂರ್ತಿ ಮುಚ್ಚಿದರು. ಅಷ್ಟು ಜನ ದೊಡ್ಡವರು ಕಣ್ಣು ಮುಚ್ಚಿ ನನ್ನ ಒಂದು ಮಾತಿಗೆ ಕಾಯುತ್ತಿದ್ದರು. ನನಗೆ ಅಳು ಬಂತು, ಅಪ್ಪ. ಕೆನ್ನೆ ಒದ್ದೆಯಾಯಿತು. ಯಾರ ಕಣ್ಣೂ ತೆರೆದಿರಲಿಲ್ಲವಾದ್ದರಿಂದ ಯಾರೂ ನೋಡಲಿಲ್ಲ. ಇಷ್ಟು ವರ್ಷ ನಿನಗೆ ಈ ಅನುಕೂಲ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಅಂದೆ. "ಹಾಂ, ಈಗ ಬಿಡಿ."

ಎಲ್ಲರೂ ಒಟ್ಟಿಗೆ ಕಣ್ಣು ಬಿಟ್ಟರು. ನನ್ನ ಹೆಗಲ ಮೇಲಿಂದ ಆಚೆಗೆ ಯಾರೂ ನೋಡಲಿಲ್ಲ, ನನ್ನನ್ನೇ ನೋಡಿದರು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿ ಒತ್ತಿದೆ. ನೀನು ಹೇಳುವ ಹೊಳಪು ನನಗೂ ಕಂಡಿತು. ಹೇಳಿದ ಮೇಲೂ ನೀನು ನನ್ನನ್ನು ಬಿಟ್ಟು ಹೋದ ಹಾಗೆ ಅನ್ನಿಸಲಿಲ್ಲ. ನೀನು ಪಕ್ಕದಲ್ಲೇ ನಿಂತು ತಿರುಪು ಬಿಗಿ ಮಾಡು ಎಂದು ಗೊಣಗಿದ ಹಾಗಿತ್ತು.

ಆ ಫೋಟೋ ದೊಡ್ಡದು ಮಾಡಿಸಿ ಇದರ ಜೊತೆ ಇಟ್ಟಿದ್ದೇನೆ. ಯಾರು ಎಲ್ಲಿ ನಿಂತಿದ್ದಾರೆ, ಹೇಗೆ ಬಂದಿದೆ ಎಂದು ನಾನು ಬರೆಯುವುದಿಲ್ಲ. ನೀನೇ ನೋಡಿ ನನಗೆ ಬರಿ. ಕಾಣದಿದ್ದರೆ ಕಾಣಲಿಲ್ಲ ಎಂದು ಬರಿ. ಕಂಡಷ್ಟು ಕಂಡಿತು, ಅದರ ಮೇಲೆ ಮುಂದಿನ ಕೆಲಸ ನೋಡೋಣ. ಗೊತ್ತಿಲ್ಲದೆ ಓಡಾಡಿ ಓಡಾಡಿ ನನ್ನ ಕಾಲು ಸೋತಿದೆ, ನಿನ್ನದೂ ಸೋತಿರಬೇಕು.

ಅತ್ತೆ, ಇನ್ನು ನಿಧಾನವಾಗಿ ಓದಿ. ಅಪ್ಪನನ್ನು ಕಿಟಕಿಯ ಹತ್ತಿರ ಕೂರಿಸಿ. ಟವೆಲ್ಲು ಬಿಚ್ಚಿ. ಬಿಡದಿದ್ದರೆ ಕಿತ್ತುಕೊಳ್ಳಿ. ಫೋಟೋ ಅಪ್ಪನ ಕೈಗೆ ಕೊಡಿ.

ಅಪ್ಪ, ರೆಡಿ.

ಕಣ್ಣು ಮುಚ್ಚಿ.

(ಅತ್ತೆ, ಇಲ್ಲಿ ಸ್ವಲ್ಪ ನಿಲ್ಲಿಸಿ.)

ಹಾಂ, ಈಗ ಬಿಡಿ.

ನಿನ್ನ ಮಗಳು


ಆಗಸ್ಟ್ ೨೩

ಪುಟ್ಟಿ,

ಈ ಅಕ್ಷರ ನನ್ನದು. ಒಂದೊಂದೂ ಬದನೆಕಾಯಿ ಗಾತ್ರ ಇದೆ, ಸಾಲುಗಳು ಮೇಲೆ ಹತ್ತುತ್ತಿವೆ, ಗೊತ್ತು. ಬರೆಯುವ ಜಾಗವನ್ನು ನೇರ ನೋಡಿದರೆ ಕಾಣುವುದಿಲ್ಲ, ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಓರೆಗಣ್ಣಿನಲ್ಲಿ ಬರೆಯುತ್ತಿದ್ದೇನೆ.

ಬಿಟ್ಟೆ. ನೀನು ಹೇಳಿದ ಮೇಲೆ ಬಿಡದೆ ಇರಲು ಆಗಲಿಲ್ಲ. ಅಕ್ಕ ಓದಿದಳು, ಕೇಳಿಸಿದ್ದು ಮಾತ್ರ ನಿನ್ನ ದನಿ.

ನಡುವೆ ಏನೂ ಇಲ್ಲ, ಮಗಳೇ. ಹೆಡ್ ಮೇಡಂ ಕೂತಿರಬೇಕಾದ ಕಡೆ ಒಂದು ಬೂದು ಮುದ್ದೆ. ಕಣ್ಣು ಆಚೆ ತಿರುಗಿಸಿದರೆ ಮುದ್ದೆಯೂ ಜೊತೆಗೇ ಬರುತ್ತದೆ. ಮಾರನೇ ದಿನ ಡಾಕ್ಟರಿಗೆ ಹೇಳಿದೆ. ತೂತು ಮುಚ್ಚಿದರೂ ನಡುವಿನ ನೋಟ ಇಷ್ಟೇ ಅಂದರು. ಕ್ಯಾಮೆರಾ ಮುಖಕ್ಕೆ ಹಿಡಿದು ಒಬ್ಬರ ಕಣ್ಣಿಗೆ ಫೋಕಸ್ ಮಾಡುವುದು ಇನ್ನು ನನ್ನಿಂದ ಆಗುವುದಿಲ್ಲ. ಇದನ್ನು ಬರೆಯಲು ಇಷ್ಟು ದಿನ ಹೆದರಿದ್ದೆ. ಬರೆದಾಯಿತು. ಅಕ್ಕ ಟೀ ತಂದಿಟ್ಟಿದ್ದಾಳೆ, ಕುಡಿಯುತ್ತಿದ್ದೇನೆ.

ಆದರೆ ಒಂದು ವಿಷಯ ಕೇಳಬೇಕು. ಉದ್ದಣ್ಣನ ಮೊಣಕೈ ಎಲ್ಲಿ?

ಎಡತುದಿ ನೋಡು. ಭುಜದಿಂದ ಕೆಳಗೆ ಅರ್ಧ ತೋಳು ಹೊರಗೆ ಹೋಗಿದೆ. ಬಲಗಡೆ ಡ್ರಿಲ್ ಮಾಸ್ತರ ಬೂಟು ಒಂದೇ ಇದೆ. ಇನ್ನೊಂದನ್ನು ಯಾರು ಕದ್ದರು? ಮೇಲೆ ಬಾಗಿಲ ಚೌಕಟ್ಟು ಒಂದು ಕಡೆ ವಾಲಿದೆ. ಎಷ್ಟು ಸಲ ಬಡಕೊಂಡಿದ್ದೆ, ಅಂಚು ನೋಡು ಅಂಚು ನೋಡು ಅಂತ? ನನಗೆ ಎಂಥ ಸಿಟ್ಟು ಬಂತು ಅಂದರೆ, ಫೋಟೋ ಹಿಡಿದುಕೊಂಡು ಎದ್ದು ನಿಂತು ಕೂಗಾಡಿದೆ. ಒಳಗೆ ಹೋಗಿದ್ದ ಅಕ್ಕ ಓಡಿ ಬಂದಳು. "ಮೊಣಕೈ ಕತ್ತರಿಸಿದಾಳೆ ನೋಡೇ, ನಿನ್ನ ಮುದ್ದಿನ ಸೊಸೆ" ಅಂದೆ. ಅವಳು ಫೋಟೋ ನೋಡಲೇ ಇಲ್ಲ. ನನ್ನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನಾನೇನು ಅಂದೆ, ಅಂದರೆ ನನಗೆ ಏನು ಕಂಡಿತು ಎಂದು ಆಮೇಲೆ ಹೊಳೆಯಿತು.

ಶನಿವಾರದ ಬಸ್ಸಿಗೆ ಬರುತ್ತೇನೆ. ಆ ಫೋಟೋ ಯಾರಿಗೂ ಕೊಡಬೇಡ. ಎಲ್ಲರನ್ನೂ ಮತ್ತೊಮ್ಮೆ ನಿಲ್ಲಿಸು, ಬೈದರೆ ನನ್ನ ಹೆಸರು ಹೇಳು. ಕ್ಯಾಮೆರಾ ನಿನ್ನ ಕೈಯಲ್ಲೇ ಇರಲಿ, ನಡುವಿನ ಮುಖಗಳನ್ನೆಲ್ಲ ನೀನು ನೋಡಿಕೋ. ನಾನು ಪಕ್ಕದಲ್ಲಿ ನಿಂತು ಅಂಚು ನೋಡುತ್ತೇನೆ. ಉದ್ದಣ್ಣ ಪೂರ್ತಿ ಒಳಗೆ ಬಂದ ಮೇಲೆ ನಾನು ನಿನ್ನ ಭುಜ ತಟ್ಟುತ್ತೇನೆ.

"ಬಿಡಿ" ಅನ್ನುವುದು ನೀನೇ ಅನ್ನು.

ಅಪ್ಪ